ಕಪ್ಪಾಗದ ಸೇಬು

ಬದರೀನಾರಾಯಣ ಮೇಷ್ಟ್ರ ಫಜೀತಿಯೆಲ್ಲ ಶುರುವಾದದ್ದು ಒಂದೇ ಒಂದು ಸೇಬಿನಿಂದ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಚಾಮರಾಜಪೇಟೆಯ ವಠಾರದೊಳಕ್ಕೆ ಸೇಬು ಬಂತೆಂದರೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಬೆಳಿಗ್ಗೆ ಏಳಕ್ಕೇ ಮೇಷ್ಟ್ರು ಸೇಬು ಹಿಡಿದು ಅಂಗಳಕ್ಕೆ ಬಂದದ್ದು ನೋಡಿ ವಠಾರದ ಒಡತಿ ತುಳಸಮ್ಮ ಗಾಬರಿಯಾದರು.

"ಅಯ್ಯೋ, ಏನಾಯ್ತು ಮೇಷ್ಟ್ರೇ? ಜ್ವರಾನಾ?"

"ಇಲ್ಲಮ್ಮ, ಇವತ್ತು ಸ್ಕೂಲಿಗೆ ಇನ್‌ಸ್ಪೆಕ್ಟರು ಬರ್ತಾರೆ. ಅವರಿಗೆ."

ಅಷ್ಟೇ ಹೇಳಿದ್ದು. 'ಅವರಿಗೆ ತೋರಿಸೋಕೆ' ಎಂದು ಇನ್ನೊಂದು ಮಾತು ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತೋ! ಆದರೆ ತುಳಸಮ್ಮನವರ ಮುಂದೆ ಮೇಷ್ಟ್ರಿಗೆ ನಾಲಿಗೆ ಒಣಗುತ್ತಿತ್ತು. ಅದಕ್ಕೆ ಕಾರಣ ಅವರ ಮಗಳು ಚೂಡಾಮಣಿ. ಇಂಟರ್‌ಮೀಡಿಯೆಟ್ ಪಾಸಾಗಿ ಮನೆಯಲ್ಲಿದ್ದ ಹುಡುಗಿ. ಹೋದ ದೀಪಾವಳಿಯಲ್ಲಿ ಮೇಷ್ಟ್ರು ಧೈರ್ಯ ಮಾಡಿ ಹೆಣ್ಣು ಕೇಳಿದಾಗ ತುಳಸಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು: "ನಾಕು ವರ್ಷದಿಂದ ಟೆಂಪೊರರಿ ನೀವು. ಮೊದಲು ಕೆಲಸ ಕಾಯಂ ಆಗ್ಲಿ, ಆಮೇಲೆ ಮಾತು."

ಈ ದಿನ ಇನ್‌ಸ್ಪೆಕ್ಟರು ಪಾಠ ಮೆಚ್ಚಿದರೆ ಕೆಲಸ ಕಾಯಂ. ಕೆಲಸ ಕಾಯಮಾದರೆ ಚೂಡಾಮಣಿ. ಪಾಠದ ವಿಷಯ, ಹೆಚ್ಚಿಟ್ಟ ಹಣ್ಣು ತರಕಾರಿ ಕಪ್ಪಾಗುವುದೇಕೆ ಎಂಬುದು. ಒಂದು ವಾರದಿಂದ ಮೇಷ್ಟ್ರು ತಮ್ಮ ಒಂಟಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಅಭ್ಯಾಸ ಮಾಡಿದ್ದರು. ಆ ಗೋಡೆಯ ಆಚೆ ತುಳಸಮ್ಮನವರ ಅಡುಗೆಮನೆ.

ಪಾಠಕ್ಕೆ ಸಿಕ್ಕುವುದು ಹತ್ತು ನಿಮಿಷ. ಅಷ್ಟರಲ್ಲಿ ಹಣ್ಣು ಚೆನ್ನಾಗಿ ಕಪ್ಪಾಗದೆ ಹೋದರೆ ಎಂದು ಮೇಷ್ಟ್ರು ಮನೆಯಲ್ಲೇ ಸೇಬು ಹೆಚ್ಚಿ, ತಟ್ಟೆಯನ್ನು ಜಗಲಿಯ ಗಾಳಿಗಿಟ್ಟು ಸ್ನಾನಕ್ಕೆ ಹೋದರು. ವಠಾರದ ಬಚ್ಚಲಿಗೆ ಸರದಿ ಉದ್ದ. ತಲೆ ಒರೆಸಿಕೊಳ್ಳುತ್ತಾ ಬಂದು ನೋಡಿದರೆ ಹೋಳುಗಳು ಆಗ ಹೆಚ್ಚಿದ ಹಾಗೆ ಬೆಳ್ಳಗಿವೆ! ಪಕ್ಕದಲ್ಲಿ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ.

"ನಾನೇ ಹಿಂಡಿದೆ," ಎಂದರು ತುಳಸಮ್ಮ. "ಇನ್‌ಸ್ಪೆಕ್ಟರಿಗೆ ಕಪ್ಪು ಹಣ್ಣು ಕೊಟ್ರೆ ನಮ್ಮ ವಠಾರದ ಮರ್ಯಾದೆ ಏನಾಗ್ಬೇಕು?"

"ಅದು ಕಪ್ಪಾಗ್ಬೇಕು ಕಣಮ್ಮಾ!"

ತುಳಸಮ್ಮ ಎದುರುಮನೆಯ ವಿಶಾಲಾಕ್ಷಮ್ಮನ ಮುಖ ನೋಡಿದರು. ಕಾಟನ್‌ಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿದ್ದವರ ಹೆಂಡತಿ ಅವರು. ಆ ವಠಾರದಲ್ಲಿ ಹೆಚ್ಚಿದ ತರಕಾರಿ ಕಪ್ಪಾದರೆ ಮನೆಯ ಹೆಂಗಸು ಸೋಮಾರಿ ಎಂದೇ ಲೆಕ್ಕ. ಕಪ್ಪಾಗಲಿ ಎಂದು ಆಸೆಪಡುವ ಮನುಷ್ಯನನ್ನು ಅವರಿಬ್ಬರೂ ಕಂಡಿರಲಿಲ್ಲ.

"ಪಾಪ, ಭಯಕ್ಕೆ ಏನೇನೋ ಮಾತಾಡ್ತಾರೆ," ಎಂದರು ವಿಶಾಲಾಕ್ಷಮ್ಮ. "ಒಂದು ಲೋಟ ಕಾಫಿ ಕೊಡಿ ತುಳಸಮ್ಮ, ಸರಿಹೋಗುತ್ತೆ."

ಮೇಷ್ಟ್ರು ಕಾಫಿಯನ್ನೂ ಕುಡಿಯದೆ ಓಡಿಹೋಗಿ ನಾಲ್ಕು ಬದನೆಕಾಯಿ ತಂದರು. ಒಂದೂ ಬಿಡದೆ ಹೆಚ್ಚಿ, ಈ ಸಲ ಕೋಣೆಯ ಒಳಗೇ ಇಟ್ಟು, ಇಸ್ತ್ರಿ ಕೋಟು ತರಲು ಅಗಸರ ಅಂಗಡಿಗೆ ಹೋದರು. ಬಾಗಿಲಿಗೆ ಬೀಗ ಹಾಕುವುದು ಆ ವಠಾರದಲ್ಲಿ ಮಹಾಪರಾಧ, ಹಾಗಾಗಿ ಹಾಕಲಿಲ್ಲ. ಬಂದು ನೋಡಿದರೆ ಬದನೆ ಹೋಳುಗಳು ಕೊಳಗದ ತುಂಬಾ ಉಪ್ಪುನೀರಿನಲ್ಲಿ ಮೀನಿನ ಹಾಗೆ ತೇಲುತ್ತಿವೆ.

"ಹೆಚ್ಚಿದ ತಕ್ಷಣ ನೀರಿಗೆ ಹಾಕೋದಲ್ವಾ ಮೇಷ್ಟ್ರೇ?" ವಿಶಾಲಾಕ್ಷಮ್ಮ ಮಮತೆಯಿಂದಲೇ ಗದರಿದರು. "ಹೆಂಡ್ತಿ ಇಲ್ಲದ ಮನೆ ಅಂದ್ರೆ ಹೀಗೇನೇ."

ಮೇಷ್ಟ್ರಿಗೆ ಅಳು ಬಂತು, ನಿಜವಾಗಿಯೂ ಬಂತು. ಗಂಟೆ ಹತ್ತು. ಕೋಣೆಯಲ್ಲಿ ಉಳಿದದ್ದು ಒಂದು ಬಾಳೆಕಾಯಿ. ಅದನ್ನು ಹೆಚ್ಚಿ, ತಗಡಿನ ಡಬ್ಬಿಗೆ ಹಾಕಿ ಕಂಕುಳಲ್ಲಿ ಇರುಕಿಕೊಂಡು, ಸೇಬನ್ನೂ ಬದನೆಯನ್ನೂ ಅಲ್ಲೇ ಬಿಟ್ಟು ಶಾಲೆಯ ಕಡೆ ಓಟ ಕಿತ್ತರು. ತಲುಪಿ ಮುಚ್ಚಳ ತೆಗೆದರೆ, ಆಹಾ! ಹೋಳುಗಳು ಕಾವಲಿಯ ತಳದಷ್ಟು ಕಪ್ಪು. ಅಷ್ಟು ಚಂದದ ಬಣ್ಣವನ್ನು ಅವರು ಜನ್ಮದಲ್ಲೇ ನೋಡಿರಲಿಲ್ಲ. ಡಬ್ಬಿಯನ್ನು ತರಗತಿಯ ಮೇಜಿನ ಮೇಲಿಟ್ಟು, ಹೆಡ್‌ಮಾಸ್ಟರ ಜೊತೆ ಇನ್‌ಸ್ಪೆಕ್ಟರನ್ನು ಕರೆತರಲು ಗೇಟಿಗೆ ಹೋದರು.

ವಾಪಸು ಬಂದಾಗ ಡಬ್ಬಿ ಲಕಲಕ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ.

"ಕೊಳೆತುಹೋಗಿತ್ತು ಸಾರ್," ಜವಾನ ಮಾಯಣ್ಣ ಕಿವಿಯ ಹತ್ತಿರ ಬಂದು ಹೇಳಿದ. "ದೊಡ್ಡವರು ನೋಡಿದ್ರೆ ಏನಂದ್ಕೋತಾರೆ ಅಂತ ಹಸೂಗೆ ಹಾಕ್ಬುಟ್ಟೆ. ಡಬ್ಬೀನೂ ತೊಳೆದಿದೀನಿ."

ಇನ್‌ಸ್ಪೆಕ್ಟರು ಆಗಲೇ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಅದೇ ಹೊತ್ತಿಗೆ ಬಾಗಿಲಲ್ಲಿ ಚೂಡಾಮಣಿ! ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕೊಳಗ.

"ಇದನ್ನ ಮರೆತು ಬಂದ್ಬಿಟ್ರಂತೆ. ಅಮ್ಮ ಕಳಿಸಿದ್ರು."

ಬೇರೆ ಗತಿಯಿರಲಿಲ್ಲ. ಮೇಷ್ಟ್ರು ಸೇಬಿನ ಹೋಳೊಂದನ್ನು ಎತ್ತಿ ಹಿಡಿದರು. "ಮಕ್ಕಳೇ, ಹೆಚ್ಚಿಟ್ಟ ಹಣ್ಣು ಕಪ್ಪಾಗುತ್ತದೆ."

"ಬೆಳ್ಳಗಿದೆ ಸಾರ್!" ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡು ತಾವೇ ಒಂದು ಹೋಳು ಬಾಯಿಗೆ ಹಾಕಿಕೊಂಡರು. "ನಿಂಬೆ! ಏನ್ರೀ ಇದು, ಕಪ್ಪಾಗೋ ಪಾಠಕ್ಕೆ ನಿಂಬೆ ಹಿಂಡಿದೀರಾ?"

ಮೇಷ್ಟ್ರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಾರವಿಡೀ ಗೋಡೆಗೆ ಹೇಳಿದ್ದ ಪಾಠದಲ್ಲಿ ಒಂದಕ್ಷರವೂ ನೆನಪಿರಲಿಲ್ಲ. ಇವರನ್ನು ಹೇಗಾದರೂ ಉಳಿಸಬೇಕೆಂದು ಚೂಡಾಮಣಿ ಎರಡು ಹೆಜ್ಜೆ ಮುಂದೆ ಬಂದಳು.

"ಅದು ನಿಂಬೆಯದೇ ಪಾಠ ಸಾರ್. ಹೆಚ್ಚಿದಾಗ ಹಣ್ಣಿನೊಳಗಿನ ಸಣ್ಣಸಣ್ಣ ಕೋಣೆಗಳು ಒಡೆಯುತ್ತವೆ. ಅದರಲ್ಲಿರೋ ಎನ್‌ಜೈಮ್ ಅನ್ನೋ ಪದಾರ್ಥ ಹೊರಗಿನ ಗಾಳಿ ಜೊತೆ ಸೇರ್ಕೊಂಡು ಹಣ್ಣಿನ ರಸಕ್ಕೆ ಬಣ್ಣ ಕಟ್ಟುತ್ತೆ. ನಿಂಬೆ ಹುಳಿ ಬಿದ್ರೆ ಅದರ ಆಟ ನಡೆಯಲ್ಲ. ಬದನೆಕಾಯಿ ನೀರಲ್ಲಿ ಮುಳುಗಿದ್ರೆ ಗಾಳೀನೇ ತಾಗಲ್ಲ."

"ಬಿಸಿನೀರಿಗೆ ಹಾಕಿದ್ರೆ?" ಇನ್‌ಸ್ಪೆಕ್ಟರು ಬೆಂಚಿನ ತುದಿಗೆ ಸರಿದು ಕೇಳಿದರು.

"ಕುದಿಯೋ ನೀರಾದ್ರೆ ಎನ್‌ಜೈಮ್ ಕೆಟ್ಟೇ ಹೋಗುತ್ತೆ ಸಾರ್. ಆಮೇಲೆ ಸಂಜೆತನಕ ಇಟ್ರೂ ಕಪ್ಪಾಗಲ್ಲ."

ಮಾತು ಮಾತೂ ಮೇಷ್ಟ್ರದೇ. ಗೋಡೆಯಾಚೆ ಒಗ್ಗರಣೆ ಹಾಕುತ್ತಾ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ಇನ್‌ಸ್ಪೆಕ್ಟರು ಎದ್ದು ನಿಂತು, "ಭೇಷ್! ಇಷ್ಟು ದಿನ ಎಲ್ಲ ಶಾಲೇಲೂ ಬರೀ ಪುಸ್ತಕದ ಬದನೆಕಾಯಿ ನೋಡಿ ಸಾಕಾಗಿತ್ತು. ಇವತ್ತು ನಿಜವಾದ ಬದನೆಕಾಯಿ ನೋಡಿದೆ!" ಎಂದರು. ಮೇಷ್ಟ್ರಿಗೆ ಹೋದ ಜೀವ ಬಂತು. ಹುಡುಗಿ ಗೆಲ್ಲಿಸಿಬಿಟ್ಟಳು ಎಂದು ಕಣ್ಣು ತುಂಬಿಬಂತು.

ಸಂಜೆ ಹೆಡ್‌ಮಾಸ್ಟರು ಕರೆದು ವರದಿ ಓದಿದರು. "ಪಾಠ ಅತ್ಯುತ್ತಮ. ಎರಡು ವರ್ಷದಿಂದ ಖಾಲಿಯಿರುವ ಗೃಹವಿಜ್ಞಾನದ ಕಾಯಂ ಹುದ್ದೆಗೆ ಪಾಠ ಹೇಳಿದ ಕುಮಾರಿ ಚೂಡಾಮಣಿಯವರನ್ನು ಶಿಫಾರಸು ಮಾಡಿದ್ದೇನೆ. ತಟ್ಟೆ ಹಿಡಿದು ನಿಂತಿದ್ದ ಬದರೀನಾರಾಯಣರು ಒಳ್ಳೆಯ ಸಹಾಯಕರು. ಇನ್ನೊಂದು ವರ್ಷ ತಾತ್ಕಾಲಿಕವಾಗಿ ಮುಂದುವರಿಸಬಹುದು."

ಮೇಷ್ಟ್ರು ವಠಾರಕ್ಕೆ ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ತುಳಸಮ್ಮ ಕೇಸರಿಬಾತು ಹಂಚುತ್ತಿದ್ದರು. ಮೇಷ್ಟ್ರಿಗೂ ಒಂದು ಬಟ್ಟಲು ತುಂಬಾ ಕೊಟ್ಟರು.

"ಎಲ್ಲಾ ನಿಮ್ಮ ಪುಣ್ಯ ಮೇಷ್ಟ್ರೇ! ಆದ್ರೆ ಆ ದೀಪಾವಳಿ ಮಾತು ಮರೆತುಬಿಡಿ. ಈಗ ನಮ್ಮ ಹುಡುಗಿ ಕಾಯಂ ನೋಡಿ. ಟೆಂಪೊರರಿ ಗಂಡಿಗೆ ಹೇಗೆ ಕೊಡೋಕಾಗುತ್ತೆ, ನೀವೇ ಹೇಳಿ?"

ಮೇಷ್ಟ್ರು ಬಟ್ಟಲು ಹಿಡಿದು ಕೋಣೆ ಸೇರಿ, ಗೋಡೆಗೆ ಒರಗಿ ಕೂತರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಮೆಲ್ಲನೆ ದನಿ ಬಂತು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಇನ್‌ಸ್ಪೆಕ್ಟರು ಬರೋ ದಿನ ಸೇಬು ನಾನೇ ಕಾಯ್ತೀನಿ. ಕಪ್ಪಾಗೋ ತನಕ ಯಾರನ್ನೂ ಹತ್ರ ಬಿಡಲ್ಲ."

ಮೇಷ್ಟ್ರ ಮುಖ ಅರಳಿತು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕು, ಒಂದು ತುತ್ತು ಕೇಸರಿಬಾತು ಬಾಯಿಗಿಟ್ಟರು. ಅಷ್ಟರಲ್ಲಿ ಅದೇ ಗೋಡೆಯಾಚೆಯಿಂದ ತುಳಸಮ್ಮನವರ ದನಿ ಕೇಳಿತು.

"ಏನೇ ಅದು, ಗೋಡೆ ಜೊತೆ ಮಾತು? ಅವರ ಕಾಯಿಲೆ ನಿಂಗೂ ಅಂಟ್ತಾ?"