ಕಿವಿಗಿಟ್ಟು ಅಲ್ಲಾಡಿಸಿದ ಕಂಪ್ರೆಸರ್

ನಮ್ಮ ಸೀಮೆಯವರಿಗೆ ಒಂದು ಚಾಳಿ ಇದೆ. ಒಳಗೇನಿದೆ ಎಂದು ಕಾಣದ ಯಾವ ದುಂಡು ವಸ್ತು ಕೈಗೆ ಸಿಕ್ಕರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿರುವ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲವಲ್ಲ, ಅದಕ್ಕೆ ಅಲ್ಲಾಡಿಸುವುದು. ಗುಳುಗುಳು ಎಂದರೆ ಒಳಗೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಗೊಟಗೊಟ ಎಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇಳಿಸಬಹುದು. ಮೇಷ್ಟ್ರ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಶಾಲೆಯ ಗ್ಲೋಬನ್ನೂ ಹೀಗೆ ಅಲ್ಲಾಡಿಸಿ ನೋಡಿದ್ದೆ. ಒಳಗೆ ಏನೋ ಗೊಟಗೊಟ ಎಂದಿತು. ಸದ್ಯ, ಭೂಮಿ ಬಲಿತಿದೆ ಎಂದು ಸಮಾಧಾನಪಟ್ಟುಕೊಂಡು ಪಾಠ ಶುರುಮಾಡಿದೆ.

ಈ ವಿದ್ಯೆಯಲ್ಲಿ ನಮ್ಮವ್ವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಮಗನೋ ಸೊಸೆಯೋ ತಿಳಿಯದಂತಾದ ಮೇಲೂ ಅವಳ ಕಿವಿ ಮಾತ್ರ ಹಾಗೇ ಇತ್ತು. ನಮ್ಮ ಕಾರಿನ ಕಾಯಿಲೆಯನ್ನು ಮೊದಲು ಹಿಡಿದವಳೂ ಅವಳೇ. ಹಾಲ್ಕುರಿಕೆಯ ನೆಂಟರ ಮನೆಯಿಂದ ಬರುವಾಗ ಹಿಂದಿನ ಸೀಟಿನಿಂದಲೇ, ಮುಂದುಗಡೆ ಯಾವುದೋ ಕಾಯಿ ಚಿಪ್ಪು ಬಿಟ್ಟಿದೆ ಎಂದಳು. ಬಿಟ್ಟರೆ ಒಳ್ಳೆಯದೇ ತಾನೇ ಎಂದು ನಾನು ಚುಡಾಯಿಸಿದೆ. ಅದಾದ ಮೇಲೆ ಎ.ಸಿ. ಹಾಕಿದಾಗಲೆಲ್ಲ ಬಾನೆಟ್ಟಿನೊಳಗೆ ರಾಗಿ ಬೀಸುವ ಸದ್ದು, ಮುಖಕ್ಕೆ ಒಲೆಯ ಮುಂದೆ ಕೂತಂಥ ಬಿಸಿಗಾಳಿ. ತಿಪಟೂರಿನ ಮೆಕ್ಯಾನಿಕ್ ಬಗ್ಗಿ ನೋಡಿ, ಕಂಪ್ರೆಸರಿನ ಬೇರಿಂಗ್ ಸವೆದು ಸಡಿಲವಾಗಿದೆ, ಬೇರೆಯದೇ ಹಾಕಬೇಕು ಎಂದ. ಅವ್ವ ಹೇಳಿದ್ದೂ ಅದನ್ನೇ, ನಮ್ಮ ಭಾಷೆಯಲ್ಲಿ.

ಬೇರೆ ಕಾಲವಾಗಿದ್ದರೆ ಕಿಟಕಿ ಇಳಿಸಿಕೊಂಡು ಓಡಾಡುತ್ತಿದ್ದೆವು. ಆದರೆ ಅಷ್ಟರಲ್ಲಿ ತುಮಕೂರಿನಲ್ಲಿ ಅವ್ವನ ಒಂದು ಕಣ್ಣಿಗೆ ಆಪರೇಷನ್ ಆಗಿ, ಅವಳು ಅಲ್ಲೇ ಚಿಕ್ಕವ್ವನ ಮನೆಯಲ್ಲಿದ್ದಳು. ಸೋಮವಾರ ಕರೆದುಕೊಂಡು ಬರಬೇಕು. ಧೂಳು ಸೋಕಿಸಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ನಮ್ಮ ರಸ್ತೆಯಲ್ಲೋ ಅಗಲ ಮಾಡುವ ಕೆಲಸ ನಡೆದು, ಪಕ್ಕದ ತೆಂಗಿನ ಗರಿಗಳೆಲ್ಲ ಕೆಂಪಗಾಗಿದ್ದವು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಆ ಬಿಸಿಲಿಗೆ ಅವ್ವ ಬೆಂದೇಹೋಗುತ್ತಾಳೆ. ಮದುವೆಗಳ ಕಾಲವಾದ್ದರಿಂದ ಮೆಕ್ಯಾನಿಕ್ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಈಗ ಎ.ಸಿ.ಯ ಗ್ಯಾಸ್ ತೆಗೆದುಕೊಡುತ್ತೇನೆ, ಆಮೇಲೆ ಮನೆಗೇ ಬಂದು ತುಂಬುತ್ತೇನೆ, ಬಿಚ್ಚಿ ಹಾಕುವುದು ಮಾತ್ರ ಮುಂದಿನ ವಾರ ಎಂದ. ನಾನು ಅವ್ವನಿಗೆ ಫೋನ್ ಮಾಡಿ, ಇನ್ನೊಂದು ವಾರ ಅಲ್ಲೇ ಇರು ಎಂದು ಬೇಡಿಕೊಂಡೆ.

"ಆಗಾಕಿಲ್ಲ ಕಣಪ್ಪ. ಹೊಸಾ ಕಣ್ಣಲ್ಲಿ ಮೊದ್ಲು ನಮ್ಮ ತೋಟ ನೋಡ್ಬೇಕು. ಇಲ್ಲಿ ಎದುರುಮನೆ ಗೋಡೆ ಬುಟ್ರೆ ಏನೈತೆ?" ಎಂದು ಫೋನ್ ಇಟ್ಟಳು.

ನನ್ನ ಹೆಂಡತಿ ಗಿರಿಜ ಅದನ್ನು ಕೇಳಿಸಿಕೊಂಡು ಹೋಗಿ ಕಾರಿನ ಬಾನೆಟ್ ಎತ್ತಿ ನೋಡಿದಳು. ಆಮೇಲೆ, "ಬಿಚ್ಚಿ ಹಾಕೋದು ತಾನೇ? ನಾನು ಮಾಡ್ತೀನಿ ಬುಡ್ರೀ," ಎಂದಳು. ನಮ್ಮ ಕಾಯಿ ಸುಲಿಯುವ ಮಿಷನ್ನು ಕೆಟ್ಟಾಗಲೆಲ್ಲ ಬಿಚ್ಚಿ ಜೋಡಿಸುವವಳು ಅವಳೇ. ನಾನು ಅಂಥ ಹೊತ್ತಿನಲ್ಲಿ ತೋಟದ ಆ ತುದಿಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಆದ್ದರಿಂದ ಅವಳ ಕೈಚಳಕವನ್ನು ಇಷ್ಟು ವರ್ಷ ಕೇಳಿ ಬಲ್ಲೆನೇ ಹೊರತು ನಿಂತು ನೋಡಿರಲಿಲ್ಲ. ಶನಿವಾರವೇ ಬಿಡಿಭಾಗದ ಅಂಗಡಿಯಿಂದ ಹೊಸ ಕಂಪ್ರೆಸರ್ ತಂದಿಟ್ಟೆವು. ಭಾನುವಾರ ಬೆಳಿಗ್ಗೆ ಗ್ಯಾಸ್ ತೆಗೆಸಿದ ಕಾರು ಅಂಗಳದಲ್ಲಿ, ಕಾಯಿ ಗುಡ್ಡೆಯ ಪಕ್ಕ ನಿಂತಿತ್ತು. ಗಿರಿಜ ಸೆರಗು ಸಿಕ್ಕಿಸಿಕೊಂಡು ಮೊದಲು ಬ್ಯಾಟರಿಯ ವೈರು ತೆಗೆದಳು, ಬೆಲ್ಟು ಸಡಿಲಿಸಿ ಪಕ್ಕಕ್ಕೆ ಸರಿಸಿದಳು, ಎರಡು ಪೈಪು ಬಿಚ್ಚಿ ಬಾಯಿಗೆ ಬಟ್ಟೆ ಕಟ್ಟಿದಳು. ಬಿಚ್ಚಿದ ಬೋಲ್ಟುಗಳು ಒಂದೊಂದು ಕರಟಕ್ಕೆ ಬಿದ್ದವು. ಹಟ್ಟ ಹಗಲಿನಲ್ಲಿ ಟಾರ್ಚ್ ಹಿಡಿಯುವುದು ನನ್ನ ಕೆಲಸ. ಕೈ ಹೋಗದ ಸಂದಿಗೆ ಅವಳ ಕೈ ಹೋಗುತ್ತಿತ್ತು, ಕಣ್ಣಿಗೆ ಕಾಣದ ಬೋಲ್ಟನ್ನು ಬೆರಳೇ ನೋಡಿಕೊಳ್ಳುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಈ ಹೆಂಗಸನ್ನು ನಾನು ಇಷ್ಟು ವರ್ಷ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಎಂದು ಮಾತ್ರ ವಿಮರ್ಶೆ ಮಾಡಿಕೊಂಡು ಬಂದಿದ್ದೇನಲ್ಲ ಎನ್ನಿಸಿ ನಿಜವಾಗಿಯೂ ಮೈ ಜುಮ್ಮೆಂದಿತು.

ಹಳೆಯ ಕಂಪ್ರೆಸರನ್ನು ಹೊರಗೆ ತೆಗೆದಿಟ್ಟು ಅವಳು ಕೈ ತೊಳೆಯಲು ಒಳಗೆ ಹೋದಾಗ ಹೊಸ ಕಂಪ್ರೆಸರಿನ ಪೆಟ್ಟಿಗೆಯೂ ನಾನೂ ಇಬ್ಬರೇ ಉಳಿದೆವು. ತೆಗೆದು ನೋಡಿದೆ. ಸುಲಿದ ದೊಡ್ಡ ಕಾಯಿಯ ಗಾತ್ರ, ಆದರೆ ತೂಕ ಮಾತ್ರ ಕಲ್ಲಿನದು. ಎರಡು ಬಾಯಿ, ಎರಡಕ್ಕೂ ಬಿರಡೆ. ಒಳಗೇನಿದೆ ನೋಡೋಣವೆಂದು ಬಿರಡೆ ತೆಗೆದೆ, ಕತ್ತಲು ಬಿಟ್ಟು ಏನೂ ಕಾಣಲಿಲ್ಲ. ಮುಂದಿನದು ನಾನು ಮಾಡಿದ್ದಲ್ಲ, ನನ್ನ ವಂಶ ಮಾಡಿದ್ದು. ಎರಡೂ ಕೈಯಲ್ಲಿ ಎತ್ತಿ, ಕಿವಿಗಿಟ್ಟು ಅಲ್ಲಾಡಿಸಿದೆ. ಗುಳುಗುಳು ಎಂದಿತು. ಅಯ್ಯೋ, ಒಳಗೆ ನೀರಿದೆ, ಬಲಿಯದ ಮಾಲು ಕೊಟ್ಟುಬಿಟ್ಟಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ತಣ್ಣನೆಯ ಎಣ್ಣೆ ನನ್ನ ಕಿವಿಯೊಳಗೆ ಇಳಿದು, ಕತ್ತಿನ ಮೇಲೆ ಹರಿದು, ಅಂಗಿಯೊಳಗೆ ಮಾಯವಾಯಿತು.

ಗಿರಿಜ ಬಂದು ನೋಡಿದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಕಾರ್ಖಾನೆಯವರು ಅಳೆದು ತುಂಬಿದ ಎಣ್ಣೆ ಅದು, ಚೆಲ್ಲಿದ್ದೆಷ್ಟು ಎಂದು ಗೊತ್ತಿಲ್ಲದ ಮೇಲೆ ಉಳಿದದ್ದನ್ನೂ ಬಸಿದು ಹೊಸದಾಗಿ ಅಳೆದೇ ಹಾಕಬೇಕು, ಇಲ್ಲದಿದ್ದರೆ ದಾರಿಯಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಹಿಂದೆ ನಿಮ್ಮವ್ವ ಕೂತಿರುತ್ತಾರೆ ಎಂದು ನಿಧಾನವಾಗಿ ತಿಳಿಸಿ ಹೇಳಿದಳು. ನಮ್ಮ ಮನೆಯಲ್ಲಿ ಎಣ್ಣೆಗೇನು ಬರ, ಗಾಣದ ಕೊಬ್ಬರಿ ಎಣ್ಣೆಯೇ ಇದೆಯಲ್ಲ ಎಂದೆ. ಅವಳು ನೋಡಿದ ನೋಟಕ್ಕೆ ನಾನು ಸ್ಕೂಟರ್ ಹತ್ತಿದೆ. ಭಾನುವಾರ ಬಿಡಿಭಾಗದ ಅಂಗಡಿಗೆ ಬೀಗ. ಅಂಗಡಿಯವರು ಮದುವೆಯೊಂದರ ಪಂಕ್ತಿಯಲ್ಲಿ ಸಿಕ್ಕರು. ಊಟಕ್ಕೆ ಕೂತವರನ್ನು ಎಬ್ಬಿಸುವುದು ಪಾಪ ಎಂದು ನಾನೂ ಪಕ್ಕದಲ್ಲಿ ಕೂತು ಹೋಳಿಗೆ ಮುಗಿಸಿದೆ. ಹುಡುಗನ ಕಡೆಯವರು ನನ್ನನ್ನು ಹುಡುಗಿಯ ಕಡೆಯವನೆಂದು ತಿಳಿದು ಎರಡನೆಯ ಸಲ ತುಪ್ಪ ಬಡಿಸಿದರು. ಆಮೇಲೆ ಅಂಗಡಿ ತೆಗೆಸಿ, ಅದೇ ಜಾತಿಯ ಎಣ್ಣೆ ತಂದುಕೊಟ್ಟೆ.

ಸಂಜೆ ಮೆಕ್ಯಾನಿಕ್ ಬರುವ ಹೊತ್ತಿಗೆ ಕಂಪ್ರೆಸರ್ ತನ್ನ ಜಾಗದಲ್ಲಿ ಕೂತಿತ್ತು. ಅವನು ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ಹಾಕಿದ. ಗ್ಯಾಸಿಗೆ ಮೊದಲು ಒಳಗೆ ಏನೂ ಇರಬಾರದಂತೆ. ನಮ್ಮ ಹಿರಿಯರು ಬಯಲು, ಬಯಲು ಎಂದು ಹೇಳುತ್ತಿದ್ದುದು ನನಗೆ ಇಷ್ಟು ವರ್ಷ ಅರ್ಥವಾಗಿರಲಿಲ್ಲ, ಅದು ನಮ್ಮ ಅಂಗಳದಲ್ಲಿ ಒಂದು ಗೇಜಿನ ಮುಳ್ಳಾಗಿ ನಿಂತಿತ್ತು. ಮುಳ್ಳು ಮೇಲೆದ್ದರೆ ಗಿರಿಜ ಕಟ್ಟಿದ ಜೋಡಣೆಯಲ್ಲಿ ಎಲ್ಲೋ ಸೋರಿಕೆ ಇದೆ ಎಂದರ್ಥ. ಮೂವರೂ ಉಸಿರು ಹಿಡಿದು ನೋಡಿದೆವು. ಮುಳ್ಳು ಅಲ್ಲಾಡಲಿಲ್ಲ. ಗ್ಯಾಸ್ ತುಂಬಿ ಕಾರು ಚಾಲೂ ಮಾಡಿದಾಗ ಟಕ್ ಎಂದು ಒಂದೇ ಸದ್ದು, ಸ್ವಲ್ಪ ಹೊತ್ತಿಗೆ ಮಾಘ ಮಾಸದ ಬೆಳಗಿನ ಗಾಳಿ. ಒಂದು ಪೈಪು ಮುಟ್ಟಿದರೆ ಸುಡುತ್ತದೆ, ಇನ್ನೊಂದರ ಮೇಲೆ ಇಬ್ಬನಿ. ಬಿಸಿಯನ್ನು ಹಿಂಡಿ ತಂಪು ತೆಗೆಯುವ ಈ ಮಾಯೆಗೆ ಕೈ ಮುಗಿಯಬೇಕೋ, ಅದನ್ನು ಕೂರಿಸಿದವಳಿಗೆ ಮುಗಿಯಬೇಕೋ ತಿಳಿಯದೆ ನಾನು ಟಾರ್ಚ್ ಆರಿಸಿದೆ.

ಸೋಮವಾರ ಗಿರಿಜಳೇ ಕಾರು ಓಡಿಸಿದಳು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಒಬ್ಬ ಮಂತ್ರಿಯ ಗತ್ತಿನಲ್ಲಿ ಕೂತಳು. ಹೊರಗೆ ಕೆಂಪು ಧೂಳು ಏಳುತ್ತಿತ್ತು, ಒಳಗೆ ಒಂದು ಕಣವೂ ಇಲ್ಲ. ಅವಳು ಸ್ವಲ್ಪ ದೂರ ಕಿವಿಗೊಟ್ಟು ಕೇಳಿ, ಈಗ ಯಾವ ಕಾಯಿಯೂ ಬಿಟ್ಟಿಲ್ಲ ಎಂದಳು. ನನಗೆ ಅಷ್ಟಕ್ಕೇ ಕಣ್ಣು ತುಂಬಿ ಬಂತು. ಆಗಲೇ ಗಿರಿಜ ಭಾನುವಾರದ ಕತೆಯನ್ನೆಲ್ಲ, ಕೊಬ್ಬರಿ ಎಣ್ಣೆ ಸಮೇತ, ಒಂದನ್ನೂ ಬಿಡದೆ ಹೇಳಿಬಿಟ್ಟಳು. ಜೋರಾಗಿ ನಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಹಿಂದಿನಿಂದ ಕೈ ಚಾಚಿ, ಅರ್ಧ ನರೆತ ನನ್ನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ತನ್ನ ಕಿವಿಯ ಹತ್ತಿರ ಎಳೆದುಕೊಂಡು ಮೆಲ್ಲಗೆ ಅಲ್ಲಾಡಿಸಿದಳು.

"ಇನ್ನೂ ನೀರೈತೆ ಕಣಮ್ಮ ಗಿರಿಜ," ಎಂದಳು. "ಇದ್ನ ಅಟ್ಟದಿಂದ ಇಳಿಸೋ ಕಾಲ ಬಂದಿಲ್ಲ."

ತೋಟ ಕಾಣಿಸಿದಾಗ ಅವ್ವ ಕನ್ನಡಕ ಹಣೆಗೇರಿಸಿ, ಮುಚ್ಚಿದ ಗಾಜಿನೊಳಗಿಂದ ಒಂದೊಂದೇ ಮರವನ್ನು ನೋಡುತ್ತಾ ಹೋದಳು. ನಿವೃತ್ತಿಗೆ ಹತ್ತಿರವಾದ ನಾನು ತಲೆಯನ್ನು ಆದಷ್ಟು ಅಲ್ಲಾಡಿಸದೆ, ನೇರ ಮುಂದಕ್ಕೆ ನೋಡುತ್ತಾ ಕೂತಿದ್ದೆ.