ಬಸರೂರಿನಿಂದ ಎರಡು ಫರ್ಲಾಂಗು

ನಾನು ಒಂದು ಕಡೆ ಕೂರುವ ಆಸಾಮಿಯಲ್ಲ. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಮನೆಯ ಕುರ್ಚಿಗಳು ಇನ್ನೂ ಹೊಸದಾಗಿಯೇ ಇರುವುದಕ್ಕೆ ನಾನೇ ಕಾರಣ. ಹೈಸ್ಕೂಲಿನ ಇತಿಹಾಸದ ಮೇಷ್ಟ್ರಾಗಿ ಹದಿನೆಂಟು ವರ್ಷ ಕರಾವಳಿಯ ಪುರಾತನ ಬಂದರುಗಳ ಪಾಠವನ್ನೂ ಓಡಾಡಿಕೊಂಡೇ ಮಾಡಿದ್ದೇನೆ. ಬಸರೂರಿನಲ್ಲಿ ಅಕ್ಕಿ ಮೂಟೆ ಹತ್ತಿಸಿದ್ದೇನೆ, ಭಟ್ಕಳದಲ್ಲಿ ಅರಬ್ಬೀ ಕುದುರೆ ಇಳಿಸಿದ್ದೇನೆ, ಹೊನ್ನಾವರದಲ್ಲಿ ನಿಂತು ಪೋರ್ಚುಗೀಸರನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಸಮುದ್ರವನ್ನು ಒಮ್ಮೆಯೂ ನೋಡಿರಲಿಲ್ಲ! ಈ ನಾಚಿಕೆಗೇಡಿನ ಸಂಗತಿ ಹೆಂಡತಿ ಮಂಗಳೆಗೆ ಮಾತ್ರ ಗೊತ್ತಿತ್ತು. ಅವಳೂ ನೋಡಿರಲಿಲ್ಲ.

ತೊಂಬತ್ತೇಳರ ಡಿಸೆಂಬರ್ ರಜೆಯಲ್ಲಿ ಈ ಕಳಂಕವನ್ನು ತೊಳೆದುಬಿಡಲು ನಿರ್ಧರಿಸಿದೆ. ಗಂಗೊಳ್ಳಿಯ ಬಾಬಣ್ಣ ಎಂಬವನ ಹಾಯಿದೋಣಿಯನ್ನು ಐದು ದಿನಕ್ಕೆ ಗೊತ್ತುಮಾಡಿದೆ. ಬಸರೂರಿನಿಂದ ಹೊಳೆಯಲ್ಲಿ ಇಳಿದು ಸಮುದ್ರ ಸೇರುವುದು, ಬಂದರಿನಿಂದ ಬಂದರಿಗೆ ಹೋಗುತ್ತಾ ಹೊನ್ನಾವರ ಮುಟ್ಟುವುದು. ತಯಾರಿಗಾಗಿ ದಿನಾ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆರಳು ಒದ್ದೆ ಮಾಡಿಕೊಂಡು ನಿಂತು ಗಾಳಿಯ ದಿಕ್ಕನ್ನು ಅಭ್ಯಾಸ ಮಾಡಿದೆ. ವಾಕಿಂಗಿಗೆ ಬಂದವರು ನನ್ನಿಂದ ಸ್ವಲ್ಪ ದೂರ ಸರಿದು ಹೋಗುತ್ತಿದ್ದರು.

ಹೊರಡುವಾಗ ಗೋಡೆಯ ಕ್ಯಾಲೆಂಡರಿನಿಂದ ಡಿಸೆಂಬರ್ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡೆ.

"ಅದ್ಯಾಕ್ರೀ?" ಎಂದಳು ಮಂಗಳೆ.

"ರಾಹುಕಾಲ ನೋಡೋಕೆ. ನಂಗೇನೂ ನಂಬಿಕೆ ಇಲ್ಲ ಕಣೇ. ಸುಮ್ನೆ ಇರ್ಲಿ ಅಂತ."

ಕುಂದಾಪುರದಲ್ಲಿ ಬಸ್ಸಿಳಿದಾಗ ಅವಳು ಕಡಲಿನ ಕಡೆ ಕೈ ತೋರಿಸಿ, "ಇಲ್ಲೇ ಹತ್ರವಂತೆ, ಒಂದ್ಸಲ ನೋಡ್ಕೊಂಡು ಬಂದ್ಬುಡಣ" ಎಂದಳು. ನಾನು ಒಪ್ಪಲಿಲ್ಲ. ದಡದಲ್ಲಿ ನಿಂತು ಸಮುದ್ರ ನೋಡುವುದು ಸಾಮಾನ್ಯರ ಕೆಲಸ, ನಾವು ಹಡಗಿನಿಂದಲೇ ಪ್ರಥಮ ದರ್ಶನ ಪಡೆಯತಕ್ಕದ್ದು ಎಂದು ತೀರ್ಪು ಕೊಟ್ಟೆ.

ಮರುದಿನ ಶುಕ್ರವಾರ. ಬಾಬಣ್ಣ ದೋಣಿಯನ್ನು ಬಸರೂರಿಗೆ ತಂದು ನಿಲ್ಲಿಸಿದ್ದ. "ಈಗ ಭರತ ಉಂಟು, ಹೊಳೆ ತುಂಬ ನೀರು. ಹತ್ತಕ್ಕೆ ಹೊರಡುವ ಮಾಷ್ಟ್ರೇ, ಮತ್ತೆ ನೀರು ಇಳೀತದೆ" ಎಂದ. ಹತ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಅರ್ಧ ಗಂಟೆ ಸುಮ್ಮನೆ ಕೂರುವುದೆಂದರೇನು! ಹಳೆಯ ದೇವಸ್ಥಾನಗಳನ್ನು ನೋಡಿಬರುತ್ತೇನೆಂದು ಹೋದೆ. ಒಂದರಲ್ಲಿ ಮಂಗಳಾರತಿಗೆ ನಿಂತೆ, ಇನ್ನೊಂದರಲ್ಲಿ ಅರ್ಚಕರಿಗೇ ಆ ಊರಿನ ಇತಿಹಾಸ ಪಾಠ ಮಾಡಿದೆ. ಓಡೋಡಿ ಬಂದಾಗ ಹತ್ತು ಮೂವತ್ತೈದು. ಜೇಬಿನ ಹಾಳೆ ತೆಗೆದು ನೋಡಿದೆ. ಹತ್ತೂವರೆಯಿಂದ ಹನ್ನೆರಡು, ರಾಹುಕಾಲ!

"ಹನ್ನೆರಡರವರೆಗೂ ಹೊರಡೋ ಹಾಗಿಲ್ಲ" ಎಂದೆ.

"ಎಂತ ಮಾರಾಯ್ರೇ! ನೀರಿಗೆ ರಾಹು ಗೊತ್ತುಂಟಾ?"

"ಅವ್ರು ದಿನಾ ಹೋಗೋರು ಕಣ್ರೀ, ಅವ್ರ ಮಾತು ಕೇಳಿ" ಎಂದಳು ಮಂಗಳೆ.

ಕೇಳಲಿಲ್ಲ. ಹೊಳೆಯ ಮೆಟ್ಟಿಲಿನ ಮೇಲೆ ಒಂದೂವರೆ ಗಂಟೆ ಕಲ್ಲಿನಂತೆ ಕೂತೆ. ಹುಟ್ಟಿದಾರಭ್ಯ ಒಂದೇ ಒಂದು ಸಲ ಸುಮ್ಮನೆ ಕೂತದ್ದು, ಅದೂ ಕೂರಬಾರದ ಹೊತ್ತಿನಲ್ಲಿ!

ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ತೆಂಗಿನಕಾಯಿ ಒಡೆದು, "ಹಾಯಿ ಏರಿಸಿ!" ಎಂದು ಅಪ್ಪಣೆ ಕೊಟ್ಟೆ. ಹಾಯಿ ಉಬ್ಬಿತು, ನನ್ನ ಎದೆಯೂ ಉಬ್ಬಿತು. ಎರಡು ಫರ್ಲಾಂಗು ಹೋಗಿದ್ದೆವು. ದೋಣಿ ಸರಕ್ಕನೆ ಕೆಸರಿನಲ್ಲಿ ಕೂತುಬಿಟ್ಟಿತು.

"ಆಯ್ತಲ್ಲ" ಎಂದ ಬಾಬಣ್ಣ, ಬೀಡಿ ಹಚ್ಚುತ್ತಾ. "ಇನ್ನು ರಾತ್ರಿ ನೀರು ಏರಿದ ಮೇಲೆಯೇ."

ಅಷ್ಟು ಹೊತ್ತು ಕಾಯುವ ಪೈಕಿಯೇ ನಾನು? "ತಳ್ಳಿದರೆ ಹೋಗುತ್ತೆ" ಎಂದು, ಬಾಬಣ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಕೆಳಗೆ ಧುಮುಕಿದೆ. ತೊಡೆಯವರೆಗೆ ಹೂತುಹೋದೆ. ಚಪ್ಪಲಿ ಹೋಯಿತು. ಹಿಂದಿನಿಂದ ಬಲವಾಗಿ ತಳ್ಳಿದ್ದಕ್ಕೆ ಚುಕ್ಕಾಣಿ ಲಟಕ್ಕೆಂದು ಮುರಿಯಿತು. ಜೊತೆಗೆ ನನ್ನ ಪಾದವೂ ಉಳುಕಿತು!

ಬಾಬಣ್ಣ ನನ್ನನ್ನು ಎತ್ತಿ ದೋಣಿಗೆ ಹಾಕಿಕೊಂಡ. ಅಲ್ಲೇ ಹತ್ತಿರ ಅವನ ಹೆಂಡತಿ ಗುಲಾಬಿ ಪುಟ್ಟ ಪಾತಿದೋಣಿಯಲ್ಲಿ ಚಿಪ್ಪು ಹೆಕ್ಕುತ್ತಿದ್ದಳು. ನಮ್ಮ ಪಾಡು ನೋಡಿ ದೋಣಿಯನ್ನು ಪಕ್ಕಕ್ಕೆ ತಂದಳು. ಅದರಲ್ಲಿ ಇನ್ನೊಬ್ಬರಿಗಷ್ಟೇ ಜಾಗ.

"ನೀನು ಹೋಗು. ಕಪ್ತಾನನಾದವನು ಹಡಗು ಬಿಟ್ಟು ಕದಲಬಾರದು" ಎಂದೆ ಗಂಭೀರವಾಗಿ.

"ಆಯ್ತು ಬುಡಿ" ಎಂದು ಮಂಗಳೆ ಹೋಗಿಯೇಬಿಟ್ಟಳು. ಒಂದು ಸಲ ಬಲವಂತವನ್ನಾದರೂ ಮಾಡಬಹುದಿತ್ತು!

ಅವರು ಬಂದಾಗ ಸಂಜೆ ಐದು. ಅಷ್ಟೂ ಹೊತ್ತು ನಾನು ಬಾತ ಪಾದವನ್ನು ಹಲಗೆಯ ಮೇಲೆ ಚಾಚಿಕೊಂಡು, ಏಡಿಗಳು ನನ್ನ ಕಣ್ಣೆದುರೇ ಆರಾಮವಾಗಿ ಅಡ್ಡಾಡುವುದನ್ನು ನೋಡುತ್ತಾ ಒದ್ದಾಡಿದ್ದೆ. ಮಂಗಳೆಯ ಸೀರೆಯ ಅಂಚೆಲ್ಲ ಒದ್ದೆ, ಕೂದಲ ತುಂಬ ಮರಳು. ಗುಲಾಬಿ ಅವಳನ್ನು ಬಸ್ಸಿನಲ್ಲಿ ಕಡಲತೀರಕ್ಕೇ ಕರೆದುಕೊಂಡು ಹೋಗಿದ್ದಳು! ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಚುಕ್ಕಾಣಿಯ ರಿಪೇರಿಗೆ ವಾರ ಬೇಕು ಎಂದ ಬಾಬಣ್ಣ. ಪಾದ ಕುಂಬಳಕಾಯಿಯಾಗಿತ್ತು. ಅವರೆಲ್ಲ ಸೇರಿ ನನ್ನನ್ನು ಪಾತಿದೋಣಿಯಲ್ಲಿ ದಡ ಮುಟ್ಟಿಸಿ, ಆ ರಾತ್ರಿಯೇ ಮೈಸೂರು ಬಸ್ಸಿಗೆ ಹತ್ತಿಸಿದರು. ಘಾಟಿ ಹತ್ತುವವರೆಗೂ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ಹೆಂಗಿತ್ತೇ ಸಮುದ್ರ?"

"ಚೆನ್ನಾಗಿತ್ತು ಕಣ್ರೀ" ಎಂದಳು ಮಂಗಳೆ ನಿದ್ದೆಗಣ್ಣಿನಲ್ಲಿ. "ನೀವೂ ಒಂದ್ಸಲ ನೋಡಿ."

ರಜೆ ಮುಗಿಯಿತು, ಪಾಠ ಮತ್ತೆ ಶುರುವಾಯಿತು. ಪುರಾತನ ಬಂದರುಗಳು ಹಾಳಾಗಲು ಪಠ್ಯಪುಸ್ತಕ ಮೂರು ಕಾರಣ ಕೊಡುತ್ತದೆ. ಹೂಳು ಎಂಬ ನಾಲ್ಕನೆಯದನ್ನು ನಾನೇ ಸೇರಿಸಿ, ತೊಡೆಯ ಮಟ್ಟ ಎಂದು ಆಳವನ್ನೂ ಖಚಿತವಾಗಿ ಬರೆಸುತ್ತೇನೆ. ಐದನೆಯ ಕಾರಣ ನನ್ನಂಥ ಕಪ್ತಾನರು. ಅದನ್ನು ಮಾತ್ರ ಬರೆಸುವುದಿಲ್ಲ!