ಬೆತ್ಲೆಹೇಮಿನ ಟೈಲರು

ನಗಬಾರದ ಹೊತ್ತಿನಲ್ಲಿ ನಗು ತರಿಸುವ ಸಂಗತಿಗಳು ಯಾರಲ್ಲೂ ದಾರಿ ಕೇಳದೆ ನೇರ ನಮ್ಮ ಮನೆಗೇ ಬರುತ್ತಿದ್ದವು. ಅದರಲ್ಲೂ ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗಿನ ಎಂಟು ದಿನ ಅವುಗಳಿಗೆ ಬಿಡುವೇ ಇರುತ್ತಿರಲಿಲ್ಲ. ನಾನು ಎಲಿಮೆಂಟರಿ ಶಾಲೆಯ ಟೀಚರು. ಮಕ್ಕಳ ಮುಂದೆ ಹಲ್ಲು ಬಿಟ್ಟರೆ ಶಿಸ್ತು ಕೆಡುತ್ತದೆ ಎಂದು ನಂಬಿದವಳು. ಅಂಥವಳು ಮದುವೆಯಾದದ್ದು ಊರನ್ನೆಲ್ಲ ನಗಿಸಿಕೊಂಡು ತಿರುಗುವ ಒಬ್ಬ ಟೈಲರನನ್ನು.

ಕಡಬ ಪೇಟೆಯಿಂದ ಸ್ವಲ್ಪ ಆಚೆ ರಸ್ತೆ ಬದಿಯಲ್ಲಿ ನಮ್ಮ ಮನೆ. ಜಗಲಿಯೇ ನಮ್ಮವರ ಅಂಗಡಿ. ಒಳಗೆ ನಾನು ಮತ್ತು ಅತ್ತೆ. ಅತ್ತೆಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ಪಿಸುಮಾತು ರಸ್ತೆಯವರೆಗೂ ಕೇಳುತ್ತಿತ್ತು. ಎಡಗಡೆ ಗೌಡರ ಮನೆ, ರಸ್ತೆಯ ಆಚೆ ಒಣಮೀನು ಮಾರುವ ಮುಸಲ್ಮಾನ ಬ್ಯಾರಿಯವರ ಮನೆ. ಇದು ಐವತ್ತರ ದಶಕ ಮುಗಿದು ಅರವತ್ತು ಶುರುವಾಗುವ ಕಾಲದ ಮಾತು. ಈ ಪ್ರಸಂಗಗಳಲ್ಲಿ ನಗುವಿಗಿಂತ ಅಳುವೇ ಹೆಚ್ಚು ಉಂಟು. ಮೊದಲೇ ಹೇಳಿದ್ದೇನೆ, ಆಮೇಲೆ ಟೀಚರಮ್ಮ ಮೋಸ ಮಾಡಿದರು ಅನ್ನಬೇಡಿ.

೧. ದನ ಹುಡುಕಿಕೊಟ್ಟ ಅಜ್ಜ

ಕ್ರಿಸ್ಮಸ್ಸಿನ ಹಿಂದಿನ ವಾರ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಹತ್ತು ಹನ್ನೆರಡು ಮಂದಿ ಸಂಜೆ ಡೋಲು ಹಿಡಿದುಕೊಂಡು ಮನೆಮನೆಗೆ ಹಾಡುತ್ತಾ ಹೋಗುವುದು ಪದ್ಧತಿ. ಎಲ್ಲರ ಮುಂದೆ ಕ್ರಿಸ್ಮಸ್ ಅಜ್ಜ. ಅಜ್ಜ ಅಂದರೆ ನಮ್ಮವರೇ. ಕೆಂಪು ನಿಲುವಂಗಿ ಹೊಲಿದವನೇ ಅದನ್ನು ಹಾಕಿಕೊಳ್ಳಬೇಕು ಎಂಬುದು ಅವರೇ ಮಾಡಿದ ಕಾನೂನು. ಮುಖಕ್ಕೆ ಅಡಿಕೆ ಹಾಳೆಯ ಮುಖವಾಡ, ಅದಕ್ಕೆ ಹತ್ತಿಯ ಗಡ್ಡ.

ಒಂದು ವರ್ಷ ಮೊದಲ ಬಾರಿಗೆ ಗೌಡರ ಅಂಗಳಕ್ಕೆ ಹೋದರು. ಗೌಡರ ತಾಯಿಯನ್ನು ನಾವೆಲ್ಲ ಗೌಡ್ರ ಅಮ್ಮ ಅನ್ನುತ್ತಿದ್ದೆವು. ಅವರು ಹೊರಗೆ ಬಂದು ಕೆಂಪು ವೇಷ, ಮುಖವಾಡ, ಡೋಲು ಎಲ್ಲವನ್ನೂ ನೋಡಿದ್ದೇ, ಕೋಲದ ಭೂತವೇ ಬಂತೆಂದು ಕೈಮುಗಿದು ನಿಂತುಬಿಟ್ಟರು.

"ಎರಡು ದಿನ ಆಯ್ತು, ನನ್ನ ಕಪ್ಪು ದನ ಕಾಣುದಿಲ್ಲ. ಎಲ್ಲಿ ಉಂಟು ಅಂತ ಒಂದು ನುಡಿ ಆಗಬೇಕು ಸ್ವಾಮಿ."

ಹಾಡು ನಿಂತಿತು. ಡೋಲಿನವನು ಮಾತ್ರ ಏನೂ ಗೊತ್ತಾಗದೆ ಇನ್ನೂ ಜೋರಾಗಿ ಬಾರಿಸಿದ. ಅದರಿಂದ ಗೌಡ್ರ ಅಮ್ಮನ ಭಕ್ತಿ ಮತ್ತಷ್ಟು ಏರಿತು. ನಮ್ಮವರಿಗೆ ಮುಖವಾಡದೊಳಗೆ ಬೆವರು. ಕೊನೆಗೆ ನಡುಗುವ ದನಿಯಲ್ಲಿ, "ಹೊಳೆ ಬದಿಯ ಬಿದಿರಿನ ಹತ್ತಿರ ನೋಡು" ಅಂದರು. ದನ ಅಲ್ಲಿಯೇ ಸಿಕ್ಕಿತು. ಬರುವ ದಾರಿಯಲ್ಲಿ ಅದನ್ನು ಕಂಡಿದ್ದರಂತೆ, ಅಷ್ಟೇ.

ಮರುವರ್ಷ ಗೌಡ್ರ ಅಮ್ಮ ಭೂತಕ್ಕೆ ಇಡುವಂತೆ ಬಾಳೆಲೆಯಲ್ಲಿ ಅಡಿಕೆ ಹೂವಿನ ಹಿಂಗಾರ ಇಟ್ಟು, ಎಳನೀರು ಕೆತ್ತಿಸಿ ಕಾದಿದ್ದರು. ಅವರ ಹಿಂದೆ ಮತ್ತೆ ಏಳೆಂಟು ಜನ. ಒಬ್ಬರಿಗೆ ಮಗಳ ಮದುವೆಯ ಚಿಂತೆ, ಒಬ್ಬರಿಗೆ ಬೇಲಿಯ ತಕರಾರು. ನಮ್ಮವರು ಅಲ್ಲಿಯೇ ಮುಖವಾಡ ತೆಗೆದು, "ನಾನು ಮಾರಾಯ್ರೆ, ನಿಮ್ಮ ಟೈಲರ್ ಪೊರ್ಬು" ಅಂತ ತಪ್ಪು ಒಪ್ಪಿಕೊಂಡರು. ಊರವರಿಗೆ ನಮ್ಮ ಕ್ರೈಸ್ತ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು. ಗೌಡ್ರ ಅಮ್ಮನಿಗೆ ಸಿಟ್ಟು ಬರಲಿಲ್ಲ. "ಇರಲಿ, ಆ ಬೇಲಿದೊಂದು ಹೇಳಿಹೋಗಿ" ಅಂದರು.

ನಮ್ಮವರು ಹೆದರಿ ಪಾದ್ರಿಗಳ ಹತ್ತಿರ ಹೋಗಿ ಪಾಪ ನಿವೇದಿಸಿಕೊಂಡರು. ಪಾದ್ರಿಗಳು ಎಲ್ಲ ಕೇಳಿ ನಿಟ್ಟುಸಿರು ಬಿಟ್ಟು, "ನಾನು ಆರು ವರ್ಷದಿಂದ ಪ್ರತಿ ಭಾನುವಾರ ಪ್ರಸಂಗ ಮಾಡ್ತಾ ಇದ್ದೇನೆ, ಒಂದು ನರಪಿಳ್ಳೆ ಹೊಸತಾಗಿ ಬರಲಿಲ್ಲ. ನೀನು ಒಂದು ದನ ಹುಡುಕಿದ್ದಕ್ಕೆ ಊರೇ ಸೇರಿತಲ್ಲ!" ಅಂದರಂತೆ.

೨. ನಾಳೆ ಕೊಡ್ತೇನೆ

ನಮ್ಮವರ ಕೈಯಲ್ಲಿ ಕಲೆ ಇತ್ತು, ಬಾಯಲ್ಲಿ "ನಾಳೆ" ಇತ್ತು. ಹಬ್ಬದ ಬಟ್ಟೆಗೆ ಯಾರು ಬಂದರೂ ನಾಳೆ. ಪುತ್ತೂರಿನಿಂದ ಗುಂಡಿ ಬರಬೇಕು, ನಾಳೆ. ನೂಲಿನ ಬಣ್ಣ ಸರಿ ಇಲ್ಲ, ನಾಳೆ. ಸುಳ್ಳು ಹೇಳುತ್ತಿದ್ದದ್ದು ಎಷ್ಟು ಚಂದ ಅಂದರೆ ಗಿರಾಕಿಗಳು ಬೈಯಲು ಬಂದು, ನಕ್ಕು, ನನ್ನ ಕೈಯ ಚಹಾ ಕುಡಿದು ಹೋಗುತ್ತಿದ್ದರು. ಚಹಾ ಮಾಡಿ ಮಾಡಿ ಸೋತವಳು ನಾನು.

ಒಂದು ಕ್ರಿಸ್ಮಸ್ಸಿಗೆ ಪಾದ್ರಿಗಳೇ ಹೊಸ ನಿಲುವಂಗಿಗೆ ಬಟ್ಟೆ ಕೊಟ್ಟಿದ್ದರು. ಅವರಿಗೂ ನಾಳೆಯೇ. ಹಬ್ಬದ ದಿನ ಬೆಳಿಗ್ಗೆ ಇಗರ್ಜಿಯಲ್ಲಿ ನೋಡಿದರೆ ಪಾದ್ರಿಗಳು ಮೊಣಕೈಗೆ ತೇಪೆ ಹಾಕಿದ ಹಳೆಯ ಅಂಗಿಯಲ್ಲೇ ಇದ್ದಾರೆ. ನಮ್ಮವರು ಹಿಂದಿನ ಕಂಬದ ಮರೆಗೆ ಸರಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪ್ರಸಂಗ ಶುರುವಾಯಿತು. "ಬಾಲ ಯೇಸುವನ್ನು ಬಟ್ಟೆಯ ತುಂಡುಗಳಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಅಂತ ಸುವಾರ್ತೆಯಲ್ಲಿ ಉಂಟು. ಲೋಕವನ್ನೇ ಸೃಷ್ಟಿಸಿದವನ ಮಗನಿಗೆ ಒಂದು ಅಂಗಿ ಯಾಕೆ ಇರಲಿಲ್ಲ? ಇಷ್ಟು ವರ್ಷ ನನಗೆ ಇದು ಅರ್ಥ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಅರ್ಥ ಆಯ್ತು." ಪಾದ್ರಿಗಳು ಕಂಬದ ಕಡೆ ನೋಡಿದರು. "ಬೆತ್ಲೆಹೇಮಿನ ಟೈಲರನೂ ನಾಳೆ ಕೊಡ್ತೇನೆ ಅಂದಿರಬೇಕು!"

೩. ಒಂದು ತೋಳಿನ ಅಂಗಿ

ಅದರ ಮುಂದಿನ ಮಳೆಗಾಲದಲ್ಲಿ ನಮ್ಮವರಿಗೆ ಜ್ವರ ಬಂತು. ಔಷಧಿ ಆಯಿತು, ಕಷಾಯ ಆಯಿತು. ಒಂಬತ್ತನೆಯ ದಿನ ಹಣೆ ಮುಟ್ಟಿ, "ಹೇಗುಂಟು?" ಅಂತ ಕೇಳಿದೆ. "ನಾಳೆ ಏಳ್ತೇನೆ" ಅಂದರು. ಅವರು ಹೇಳಿದ ಸಾವಿರ ನಾಳೆಗಳಲ್ಲಿ ನಾನು ಪೂರ್ತಿ ನಂಬಿದ್ದು ಅದೊಂದನ್ನೇ.

ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹೊಲಿಗೆ ಮಿಷನಿನ ಮೇಲೆ ಒಂದು ಬಿಳಿ ಅಂಗಿ ಹಾಗೆಯೇ ಉಳಿದಿತ್ತು. ಬ್ಯಾರಿಯವರದ್ದು. ಎಡತೋಳು ಹೊಲಿದಾಗಿತ್ತು, ಬಲತೋಳು ಇನ್ನೂ ಬಟ್ಟೆಯ ತುಂಡು. ಪೇಟೆಯಲ್ಲಿ ಬೇರೆ ಟೈಲರನ ಹತ್ತಿರ ಹಾಕಿಸಿಕೊಳ್ಳಿ ಅಂತ ಹೇಳಿ ಎರಡನ್ನೂ ಕಟ್ಟಿ ಕೊಟ್ಟೆ. ಬ್ಯಾರಿಯವರು ಕಟ್ಟನ್ನು ಎದೆಗೆ ಒತ್ತಿಕೊಂಡು ಹೋದರು.

ಮರುವಾರ ಸಂತೆಗೆ ಹೋದರೆ, ಒಣಮೀನಿನ ರಾಶಿಯ ಹಿಂದೆ ಬ್ಯಾರಿಯವರು ಅದೇ ಅಂಗಿಯಲ್ಲಿ ಕೂತಿದ್ದಾರೆ. ಎಡಗೈಗೆ ತೋಳು ಉಂಟು, ಬಲಗೈ ಬೋಳು. ಜನ ನೋಡಿ ನೋಡಿ ನಗುತ್ತಿದ್ದರು.

"ಇದೆಂತ ಬ್ಯಾರಿಗಳೇ? ಹಾಕಿಸ್ಲಿಕ್ಕೆ ಹೇಳಿದ್ದೆ ಅಲ್ವಾ?"

"ಅವರ ಹೊಲಿಗೆಗೆ ಬೇರೆಯವರ ಕೈ ತಾಗಿಸುದಿಲ್ಲ ಟೀಚರಮ್ಮ. ನನಗೆ ಮನಸ್ಸು ಬರುದಿಲ್ಲ."

ನಾನು ತಟ್ಟನೆ ಮೀನಿನ ರಾಶಿಯ ಕಡೆ ಬಗ್ಗಿದೆ. ನಡು ಸಂತೆಯಲ್ಲಿ ಟೀಚರಮ್ಮ ಅಳುತ್ತಾಳೆ ಅಂದರೆ ನಾಳೆ ಶಾಲೆಯಲ್ಲಿ ಮರ್ಯಾದೆ ಉಂಟಾ? ಬ್ಯಾರಿಯವರಿಗೆ ಅದು ತಿಳಿಯಿತು. ತಕ್ಕಡಿ ಎತ್ತಿ ಹಿಡಿದು ಹೇಳಿದರು: "ಇದರಿಂದ ವ್ಯಾಪಾರ ಜಾಸ್ತಿ ಆಗಿದೆ. ತಕ್ಕಡಿ ಹಿಡಿಯುವ ಕೈಗೆ ತೋಳು ಇಲ್ಲದಿದ್ದರೆ ಮೋಸ ಅಡಗಿಸ್ಲಿಕ್ಕೆ ಜಾಗ ಇಲ್ಲ ಅಂತ ಗಿರಾಕಿಗಳಿಗೆ ನಂಬಿಕೆ!"

೪. ಬಾಣಲೆ ಇಡದ ಮನೆ

ಡಿಸೆಂಬರ್ ಬಂತು. ಅತ್ತೆ ಗೋಡೆಗೆ ಮುಖ ಹಾಕಿ ಕೂತವರು ಕೂತೇ ಇದ್ದರು. ಮಗ ಹೋದ ದಿನದಿಂದ ಜಪಮಾಲೆ ಮುಟ್ಟಲಿಲ್ಲ, ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಊಟಕ್ಕೆ ಕರೆದರೆ ಎರಡು ತುತ್ತು, ಮಾತಿಗೆ ಕರೆದರೆ ಅದೂ ಇಲ್ಲ. ಹಬ್ಬದ ಹಿಂದಿನ ಭಾನುವಾರ ಪಾದ್ರಿಗಳು ಮನೆಗೆ ಬಂದು, "ಕ್ರಿಸ್ಮಸ್ ಪೂಜೆಗಾದರೂ ಬನ್ನಿ" ಅಂತ ಬೇಡಿಕೊಂಡರು. ಅತ್ತೆ ಗೋಡೆಯ ಕಡೆಗೇ ಮುಖ ಮಾಡಿ, ತಮ್ಮ ಆ ದೊಡ್ಡ ಪಿಸುಮಾತಿನಲ್ಲಿ ಹೇಳಿದರು: "ನನ್ನ ಮಗನನ್ನು ತೆಗೆದುಕೊಂಡವನು, ತನ್ನ ಮಗನ ಹುಟ್ಟುಹಬ್ಬಕ್ಕೆ ನನ್ನನ್ನು ಕರೀತಾನಾ?"

ಪಾದ್ರಿಗಳು ತಲೆ ತಗ್ಗಿಸಿ ಹೋದರು. ಗಂಡನನ್ನು ಕಳೆದುಕೊಂಡಾಗಿತ್ತು. ಈ ಮುದುಕಿಯೂ ಹೀಗೆಯೇ ಬತ್ತಿ ಹೋದರೆ ನನಗೆ ಯಾರು ಎಂದು ಒಳಗೊಳಗೇ ನಡುಗುತ್ತಿದ್ದೆ. ಹಬ್ಬದ ಬೆಳಿಗ್ಗೆ ನಾನೊಬ್ಬಳೇ ಪೂಜೆಗೆ ಹೋದೆ. ಎಲ್ಲರೂ ಆನಂದದ ಹಾಡು ಹಾಡುವಾಗ ನಾನು ಬರೀ ತುಟಿ ಆಡಿಸಿದೆ.

ನಮ್ಮಲ್ಲೊಂದು ಕಟ್ಟಳೆ ಉಂಟು. ಸಾವಾದ ಮನೆಯಲ್ಲಿ ಆ ವರ್ಷ ಕ್ರಿಸ್ಮಸ್ಸಿನ ತಿಂಡಿಗೆ ಬಾಣಲೆ ಇಡುವುದಿಲ್ಲ. ಉಳಿದ ವರ್ಷ ಅತ್ತೆಯ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯೆಂದರೆ ಸುತ್ತಲೂ ಹೆಸರು. ಅದರಲ್ಲೂ ನೆವ್ರಿ. ಬೇರೆ ಕಡೆಯವರು ಕರ್ಜಿಕಾಯಿ ಅನ್ನುತ್ತಾರಲ್ಲ, ಅದೇ ಜಾತಿ. ಅಂಚನ್ನು ಪುಟ್ಟ ಚಕ್ರದಿಂದ ಕತ್ತರಿಸಿ ಅತ್ತೆ ಎಷ್ಟು ನವಿರಾಗಿ ಮುಚ್ಚುತ್ತಿದ್ದರೆಂದರೆ ಒಂದೂ ಎಣ್ಣೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಿಳಿ ಬಟ್ಟೆ ಮುಚ್ಚಿದ ತಟ್ಟೆಯನ್ನು ನಮ್ಮವರೇ ಗೌಡರ ಮನೆಗೂ ಬ್ಯಾರಿಯವರ ಮನೆಗೂ ಕೊಟ್ಟು ಬರುತ್ತಿದ್ದರು. ಈ ವರ್ಷ ಯಾಕೆ ತಟ್ಟೆ ಇಲ್ಲ ಎಂದು ನಾನೇ ಗೌಡ್ರ ಅಮ್ಮನಿಗೆ ಹೇಳಿದ್ದೆ.

ಕ್ರಿಸ್ಮಸ್ ಕಳೆದು ಐದನೆಯ ದಿನ, ಮಧ್ಯಾಹ್ನ. ಗೌಡ್ರ ಅಮ್ಮ ಬಿಳಿ ಬಟ್ಟೆ ಮುಚ್ಚಿದ ಒಂದು ತಟ್ಟೆ ಹಿಡಿದು ಒಳಗೆ ಬಂದರು. ಹಿಂದೆ ಬ್ಯಾರಿಯವರು, ಒಂದು ತೋಳಿನ ಅಂಗಿಯಲ್ಲಿ.

"ನೀವು ಮಾಡುವ ಹಾಗಿಲ್ಲ ಅಂದರೆ ನಾವು ಮಾಡಿದರೆ ಆಗ್ತದೆ ಅಲ್ವಾ?" ಅಂದರು ಗೌಡ್ರ ಅಮ್ಮ. "ಗೇರುಬೀಜ, ಸಕ್ಕರೆ ಬ್ಯಾರಿಗಳದ್ದು. ಕೈ ನನ್ನದು. ದೊಡ್ಡ ಬಾಯಮ್ಮ, ಒಂದು ತಿನ್ನಬೇಕು" ಅಂತ ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದರು.

ಬಟ್ಟೆ ಸರಿಸಿದೆ. ನೆವ್ರಿಯೇ. ಒಂದೊಂದು ಒಂದೊಂದು ಗಾತ್ರ, ಬಣ್ಣ ಸ್ವಲ್ಪ ಕಪ್ಪು. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದು ಎಂದೋ ಏನೋ, ಅತ್ತೆ ಒಂದನ್ನು ತೆಗೆದು ಕಚ್ಚಿದರು. ಜಗಿದರು. ಜಗಿಯುವುದು ನಿಂತಿತು. ಎರಡು ಬೆರಳು ಬಾಯಿಗೆ ಹಾಕಿ ಏನನ್ನೋ ಎಳೆದರು. ಬಿಳಿ ನೂಲು! ಮತ್ತೆ ಎಳೆದರು. ಮತ್ತೂ ಬಂತು.

"ಹಾಗೆ ಎಳೆದರೆ ಬರ್ಲಿಕ್ಕಿಲ್ಲ ಬಾಯಮ್ಮ" ಅಂದರು ಗೌಡ್ರ ಅಮ್ಮ. "ಕೊನೆಗೆ ಗಂಟು ಹಾಕಿದ್ದೇನೆ."

"ನೆವ್ರಿಗೆ ನೂಲು ಯಾಕೆ?" ಎಂದರು ಅತ್ತೆ. ಐದು ತಿಂಗಳಲ್ಲಿ ತಾವಾಗಿ ಅವರು ಕೇಳಿದ ಮೊದಲ ಪ್ರಶ್ನೆ ಅದು.

"ಹೊಲಿಲಿಕ್ಕೆ! ಇಲ್ಲದಿದ್ದರೆ ಅಂಚು ನಿಲ್ಲುದು ಹೇಗೆ? ಇಷ್ಟು ಚಂದ ಅಂಚು ಹೇಗೆ ಬರ್ತದೆ ಅಂತ ನಾನು ನಿಮ್ಮ ಮಗನಲ್ಲಿ ಕೇಳಿದ್ದೆ. 'ಅಮ್ಮ ತುಂಬಿಸಿ ಕೊಡ್ತಾರೆ, ನಾನು ಮಿಷನಿನಲ್ಲಿ ಒಂದು ಸುತ್ತು ಹೊಡಿತೇನೆ' ಅಂತ ಅವರೇ ಹೇಳಿದ್ದು. ನಮ್ಮಲ್ಲಿ ಮಿಷನ್ ಎಲ್ಲಿ ಉಂಟು? ಸೂಜಿಯಲ್ಲಿ ಹೊಲಿದೆ. ಹಬ್ಬಕ್ಕೇ ತರಬೇಕಿತ್ತು, ಮುಗಿಯಲಿಲ್ಲ. ನಿಮ್ಮ ಮಗನಷ್ಟು ನೇರ ಬರಲಿಲ್ಲ ಬಾಯಮ್ಮ, ಬೇಜಾರು ಮಾಡಬೇಡಿ."

ಅತ್ತೆ ಕೈಯಲ್ಲಿದ್ದ ನೂಲನ್ನು ನೋಡಿದರು. ಜಗಲಿಯಲ್ಲಿ ಮುಚ್ಚಿಟ್ಟ ಮಿಷನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಓಡಿ ಹಿಡಿದುಕೊಂಡೆ. ಅತ್ತೆ ನಗುತ್ತಿದ್ದರು. "ಕಳ್ಳ! ಸತ್ತರೂ ಸುಳ್ಳು ಬಿಡಲಿಲ್ಲ ನೋಡು!" ಎಂದು ನಗುತ್ತಾ ನಗುತ್ತಾ ನನ್ನ ಹೆಗಲ ಮೇಲೆ ತಲೆಯಿಟ್ಟು ದೊಡ್ಡ ದನಿಯಲ್ಲಿ ಅತ್ತುಬಿಟ್ಟರು. ಮಗ ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಾನೂ ಕಣ್ಣೀರಿಟ್ಟೆ, ಗೌಡ್ರ ಅಮ್ಮನೂ ಅತ್ತರು. ಬ್ಯಾರಿಯವರಿಗೆ ಕಣ್ಣೊರೆಸಲು ಇದ್ದದ್ದು ಒಂದೇ ತೋಳು, ಅದೂ ಪೂರ್ತಿ ಒದ್ದೆಯಾಯಿತು.

ಅತ್ತು ಮುಗಿದ ಮೇಲೆ ಅತ್ತೆ ಸೆರಗು ಬಿಗಿದು ಎದ್ದರು. "ನಮ್ಮ ಮನೆಯಲ್ಲಿ ಬಾಣಲೆ ಇಡಬಾರದು. ಗೌಡರ ಮನೆಯಲ್ಲಿ ಇಡಬಾರದು ಅಂತ ಯಾವ ಪಾದ್ರಿಯೂ ಹೇಳಲಿಲ್ಲ. ನಡಿ, ಅಂಚು ಮುಚ್ಚುದು ಹೇಗೆ ಅಂತ ತೋರಿಸ್ತೇನೆ" ಎಂದು ಗೌಡ್ರ ಅಮ್ಮನ ಕೈ ಹಿಡಿದು ಹೊರಟರು.

ಹೊಸ ವರ್ಷದ ಬೆಳಿಗ್ಗೆ ನಾನು ಕರೆಯುವ ಮೊದಲೇ ಅತ್ತೆ ಜಪಮಾಲೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಗರ್ಜಿಯಲ್ಲಿ ಹಬ್ಬಕ್ಕೆ ಕಟ್ಟಿದ ಗೋದಲಿ ಇನ್ನೂ ತೆಗೆದಿರಲಿಲ್ಲ. ಹುಲ್ಲಿನ ಮೇಲೆ ಬಾಲ ಯೇಸು ಬಟ್ಟೆಯ ತುಂಡು ಸುತ್ತಿಕೊಂಡು ಮಲಗಿದ್ದ. ಅತ್ತೆ ಕಷ್ಟಪಟ್ಟು ಮೊಣಕಾಲೂರಿದರು. ಪೂಜೆಗೆ ಹೊರಟ ಪಾದ್ರಿಗಳು ಅವರನ್ನು ಕಂಡು ಅಲ್ಲಿಯೇ ನಿಂತುಬಿಟ್ಟರು. ಅತ್ತೆ ಮಗುವಿನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಇಡೀ ಇಗರ್ಜಿಗೆ ಕೇಳಿತು.

"ಈ ಚಳಿಗೆ ಇದೇ ತುಂಡಿನಲ್ಲಿ ಇನ್ನು ಎಷ್ಟು ದಿನ ಇರ್ತೀ ಮಗಾ? ಈಗ ನಮ್ಮ ಟೈಲರು ನಿನ್ನ ಹತ್ತಿರವೇ ಇದ್ದಾನಲ್ಲ, ಒಂದು ಅಂಗಿ ಹೊಲಿಸಿಕೋ. ಆದರೆ ನಾಳೆ ಕೊಡ್ತೇನೆ ಅಂದರೆ ಮಾತ್ರ ನಂಬಬೇಡ. ಪಕ್ಕದಲ್ಲೇ ಕೂತು ಹೊಲಿಸಿಕೋ."